ಕೆಂಪು ಹೆಬ್ಬೆರಳು

ನಮ್ಮ ಸಾಹುಕಾರರ ಬಲಗೈ ಹೆಬ್ಬೆರಳಿನ ತುದಿ ವರ್ಷದ ಅಷ್ಟೂ ದಿನ ಕೆಂಪಗಿರುತ್ತಿತ್ತು. ಬೈಲಹೊಂಗಲದ ಬಜಾರದಲ್ಲಿ ಅವರದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರು, ಶ್ರದ್ಧಾಂಜಲಿ ಎಲ್ಲ ಅಲ್ಲೇ ತಯಾರಾಗುತ್ತಿದ್ದವು. ಬೆಳಿಗ್ಗೆ ಬಾಗಿಲು ತೆರೆದವರೇ ಕುಂಕುಮಕ್ಕೆ ನೀರು ಹನಿಸಿ ಕಲಸಿ, ಕಂಪ್ಯೂಟರಿನ ಪವರ್ ಬಟನ್ನಿಗೆ ದಪ್ಪನೆಯ ಬೊಟ್ಟಿಟ್ಟು, ಅದೇ ಹೆಬ್ಬೆರಳಿನಿಂದ ಅದನ್ನು ಒತ್ತುತ್ತಿದ್ದರು. ಮತ್ತೊಬ್ಬರು ಒತ್ತುವ ಹಾಗಿರಲಿಲ್ಲ. "ಲಕ್ಷ್ಮಿ ಬಾಗಲಾ ಐತಿ ಇದು. ನಾನ ತಗೀಬೇಕು" ಎನ್ನುತ್ತಿದ್ದರು.

ನಾನು ಸಂಗೊಳ್ಳಿಯಿಂದ ಬಸ್ಸಿನಲ್ಲಿ ಬಂದು ಅವರಲ್ಲಿ ಟೈಪ್ ಮಾಡುತ್ತಿದ್ದೆ. ಕನ್ನಡ ಟೈಪಿಂಗ್ ಕಲಿಸಿದವರು ಅವರೇ. ಸುಳ್ಳು ಹೇಳುವುದಿಲ್ಲ, ಚೆನ್ನಾಗಿ ಕಲಿಸಿದರು. ಲಗ್ನಪತ್ರಿಕೆಯ ಪ್ರೂಫನ್ನು ಎದ್ದು ನಿಂತು, ಹಿರಿಯರ ಹೆಸರು ಬಂದಾಗ ದನಿ ತಗ್ಗಿಸಿ ಓದುತ್ತಿದ್ದರು. "ಅಕ್ಷರ ತಪ್ಪಿದ್ರ ಬೀಗರು ತಪ್ಪತಾರ, ತಂಗಿ" ಎನ್ನುವುದು ಅವರ ಮಾತು. ಸಂಜೆ ಮಿರ್ಚಿ ತರಿಸಿದರೆ ಮೊದಲನೆಯದು ನನ್ನ ಕೈಗೇ ಬರುತ್ತಿತ್ತು. ಇಂಥವರ ಮೇಲೆ ಹಗೆ ಸಾಧಿಸಿದೆಯಾ ಎಂದು ನೀವು ನನ್ನನ್ನು ಬೈಯಬಹುದು. ಬೈಯಿರಿ, ಆದರೆ ಪೂರ್ತಿ ಕೇಳಿ ಬೈಯಿರಿ.

ಆ ವರ್ಷದ ಖಂಡೆಪೂಜೆ. ನಮ್ಮ ಕಡೆ ಮಹಾನವಮಿಗೆ ಕುಡಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲದಕ್ಕೂ ಪೂಜೆ. ಸಾಹುಕಾರರು ಕಂಪ್ಯೂಟರಿಗೆ ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು, ಅದರ ನೀರನ್ನು ಧಾರಾಳವಾಗಿ ಅದರ ಮೇಲೆಯೇ ಚಿಮುಕಿಸಿದರು. ನನಗೆ ಅಂದು ತಿಂಗಳ ದಿನ. ಮನೆಯ ರೂಢಿಯಂತೆ ಹೊಸ್ತಿಲಾಚೆ ನಿಂತಿದ್ದೆ. ಯಾರಿಗೂ ಏನೂ ಹೇಳಿರಲಿಲ್ಲ.

ಮರುದಿನ ಕಂಪ್ಯೂಟರ್ ಚಾಲೂ ಆಗಲಿಲ್ಲ. ಸಾಹುಕಾರರು ಒತ್ತಿದರು, ಗುದ್ದಿದರು, ಕೈಮುಗಿದರು. ಫ್ಯಾನಿನ ಸದ್ದೇ ಇಲ್ಲ. ಸವದತ್ತಿಯಿಂದ ಲಗ್ನದ ಮನೆಯವರು ಪ್ರೂಫ್ ನೋಡಲು ಬಂದು ಕೂತಿದ್ದರು, ಗಂಡಸರು ಹೆಂಗಸರು ಸೇರಿ ಬೆಂಚು ತುಂಬ. ಅವರೆಲ್ಲರ ಎದುರಿಗೆ ಸಾಹುಕಾರರು ನನ್ನತ್ತ ತಿರುಗಿದರು.

"ನಿನ್ನಿ ಪೂಜಾಕ್ಕ ಯಾಕ ಹೊರಗ ನಿಂತಿದ್ದಿ?"

ನಾನು ಕುರ್ಚಿಯಿಂದ ಎದ್ದು ನಿಂತೆ.

"ಮುಟ್ಟಾಗಿದ್ದೇನ? ಅದ್ರಾಗ ಮಷಿನ್ ಮುಟ್ಟಿದಿ ಹೌದಲ್ಲ? ಬಾಯಿ ಬಿಡು!"

ಗಂಡಿನ ತಂದೆ ನೆಲ ನೋಡಿದರು. ಹೆಂಗಸರು ನನ್ನನ್ನೇ ನೋಡಿದರು. ಸಾಹುಕಾರರು ವಿಭೂತಿ ಕಲಸಿದ ನೀರನ್ನು ನನ್ನ ಕುರ್ಚಿಗೆ ಚಿಮುಕಿಸಿ, "ಮೈಲಿಗಿ ಕಳಕೊಂಡ ಬಾ ಹೋಗು" ಎಂದರು. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಎಂದು ಬಂದ ಗಿರಾಕಿಗಳಿಗೆಲ್ಲ ಉಪದೇಶ ಮಾಡುತ್ತಿದ್ದ ಮನುಷ್ಯ! ನಾನು ಚಪ್ಪಲಿ ಮೆಟ್ಟಿ ಹೊರಟೆ. ಮತ್ತೆ ಕೆಲಸಕ್ಕೆ ಹೋಗಲಿಲ್ಲ.

ಬೆಳಗಾವಿಯಿಂದ ಮೆಕ್ಯಾನಿಕ್ ಬಂದು ಬಿಚ್ಚಿ, ಕುಲುಕಿ, ಮತ್ತೆ ಕೂಡಿಸಿದಾಗ ಅದು ತಾನಾಗಿಯೇ ಚಾಲೂ ಆಯಿತಂತೆ. ಏನಾಗಿತ್ತೆಂದು ಯಾರೂ ಕೇಳಲಿಲ್ಲವಂತೆ. "ಹುಡುಗಿ ಹೋದಳು, ಮಷಿನ್ ಎದ್ದಿತು" ಎಂದು ಸಾಹುಕಾರರು ಬಜಾರವೆಲ್ಲ ಹೇಳಿಕೊಂಡು ಬಂದರು. ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರಿಗೂ ಆ ಮಾತು ಮುಟ್ಟಿತು.

ಸಂಗೊಳ್ಳಿಯ ನೀರು ಕುಡಿದವಳು ನಾನು. ಸೇಡನ್ನು ಯಾರೂ ಕಲಿಸಿಕೊಡಬೇಕಿರಲಿಲ್ಲ, ರಿಪೇರಿಯನ್ನಷ್ಟೇ ಕಲಿಯಬೇಕಿತ್ತು. ಧಾರವಾಡಕ್ಕೆ ಹೋಗಿ ಅದನ್ನು ಕಲಿತೆ. ಬಂದು, ಬೇಕಂತಲೇ, ಅವರ ಎದುರಿನ ಸಾಲಿನಲ್ಲೇ ಅಂಗಡಿ ಹಾಕಿದೆ. ಪ್ರತಿ ಮಹಾನವಮಿಗೂ ಅವರು ಕಾಯಿ ಒಡೆಯುವುದನ್ನು ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ದೇವರಲ್ಲಿ ನಾನು ಬೇಡಿಕೊಳ್ಳುತ್ತಿದ್ದುದು ಒಂದೇ.

ದೇವರು ತಡಮಾಡಿದ, ಮರೆಯಲಿಲ್ಲ. ಒಂದು ವರ್ಷ ಪೂಜೆಯ ಮರುದಿನ ಅವರ ಕಂಪ್ಯೂಟರ್ ಮತ್ತೆ ಮಲಗಿತು. ಬೆಳಗಾವಿಯವನು ಫೋನ್ ಎತ್ತಲಿಲ್ಲ. ಮೂರು ಲಗ್ನಪತ್ರಿಕೆ ಒಳಗೆ ಸಿಕ್ಕಿಬಿದ್ದಿದ್ದವು. ಸಾಹುಕಾರರು ರಸ್ತೆ ದಾಟಿ ಬಂದು, ನನ್ನ ಬಾಗಿಲಲ್ಲಿ ನಿಂತು, "ತಂಗೀ, ಒಂದೀಟ ಬಂದ ನೋಡ ಬಾ" ಎಂದರು.

ಹೋದೆ. ಅಂದೂ ಬೆಂಚು ತುಂಬಿತ್ತು. ನನಗೆ ಅದೇ ಬೇಕಿತ್ತು.

ಗೋಡೆಯಿಂದ ಶುರುಮಾಡಿದೆ. ಸಾಕೆಟ್ಟಿಗೆ ಟೇಬಲ್ ಫ್ಯಾನ್ ಹಚ್ಚಿದೆ, ತಿರುಗಿತು. ವೈರು ಬದಲಿಸಿದೆ, ಕಂಪ್ಯೂಟರ್ ಏಳಲಿಲ್ಲ. ಹಿಂದಿನ ಸ್ವಿಚ್ಚು ಸರಿಯಿತ್ತು. ಡಬ್ಬಿ ಬಿಚ್ಚಿ, ಬಟನ್ನಿನಿಂದ ಬರುವ ಎರಡೆಳೆ ವೈರನ್ನು ಮದರ್‌ಬೋರ್ಡಿನಿಂದ ಕಿತ್ತು, ಅದು ಕೂತಿದ್ದ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿದೆ. ಫ್ಯಾನು ಭರ್ರೆಂದಿತು. ಮಷಿನ್ನಿಗೆ ಏನೂ ಆಗಿರಲಿಲ್ಲ. ಕೆಟ್ಟಿದ್ದುದು ಬಟನ್ ಒಂದೇ. ಅದನ್ನು ಹೊರಗೆ ತೆಗೆದೆ. ದಿನಾ ಹಚ್ಚಿದ ಒದ್ದೆ ಕುಂಕುಮ ಒಳಗಿಳಿದು, ಕಾಯಿನೀರಿನ ಜೊತೆ ಅಂಟಾಗಿ, ಒಣಗಿ ಗಟ್ಟಿಯಾಗಿತ್ತು. ಒತ್ತಿದ ಬಟನ್ ಒತ್ತಿದಲ್ಲೇ ಕಚ್ಚಿಕೊಂಡಿತ್ತು.

ಅದನ್ನು ಅವರ ಅಂಗೈಯಲ್ಲಿಟ್ಟೆ.

"ನೋಡ್ರಿ ಸಾವ್ಕಾರ್ರ. ಇದು ಯಾರ ಮೈಲಿಗಿ?"

ಅವರು ಬಟನ್ ನೋಡಿದರು, ತಮ್ಮ ಹೆಬ್ಬೆರಳು ನೋಡಿಕೊಂಡರು. "ತೊಳದ ಹಾಕು" ಎಂದರು, ಅಷ್ಟೇ. ತಪ್ಪಾಯಿತು ಎನ್ನುವ ಮಾತು ಆ ಬಾಯಿಗೆ ಬರಲಿಲ್ಲ. ನನ್ನ ಮೈ ಉರಿದುಹೋಯಿತು.

ಸ್ಪಿರಿಟ್ಟಿನಲ್ಲಿ ತೊಳೆದರೆ ಚಹಾ ಆರುವುದರೊಳಗೆ ಸರಿಹೋಗುತ್ತಿತ್ತು. ನಾನು ತೊಳೆಯಲಿಲ್ಲ. "ಇದು ತೊಳದ್ರ ಹೋಗೂದಲ್ರಿ" ಎಂದು ಬಟನ್ನನ್ನು ಕಿಸೆಗೆ ಹಾಕಿಕೊಂಡೆ. ನನ್ನ ಅಂಗಡಿಯಿಂದ ಕಾಲಿಂಗ್ ಬೆಲ್ಲಿನ ಸ್ವಿಚ್ಚೊಂದನ್ನು ತಂದು, ಉದ್ದ ವೈರು ಕಟ್ಟಿ, ಗಿರಾಕಿಗಳಿಗೆಲ್ಲ ಕಾಣುವಂತೆ ಗಲ್ಲೆಯ ಮೇಜಿನ ಮುಂಭಾಗಕ್ಕೇ ಸ್ಕ್ರೂ ಹಾಕಿ ಕೂಡಿಸಿದೆ. ಅದನ್ನು ಒತ್ತಿದರೆ ಕಂಪ್ಯೂಟರ್ ಚಾಲೂ.

ಅಂದಿನಿಂದ ಬಜಾರಿಗೆ ಹಬ್ಬ. "ಯಾರ್ನ ಕರ್ಯಾಕ ಹತ್ತೀರಿ ಸಾವ್ಕಾರ್ರ?" ಎಂದು ಹೋಗುವವರು ಬರುವವರೆಲ್ಲ ಕೇಳುವವರೇ. ಬೆಂಚಿನಲ್ಲಿದ್ದವರು ಉಳಿದ ಕತೆಯನ್ನು ಊರಿಗೆ ಹಂಚಿದ್ದರು. ಕೆಲವು ಪೋರರು 'ಬೆಲ್ ಸಾವ್ಕಾರ' ಎಂದೂ ಕರೆದರು. ನಾನು ದಿನಾ ಬೆಳಿಗ್ಗೆ ಎದುರಿಗೆ ಕೂತು, ಚಹಾ ಕುಡಿಯುತ್ತ, ಅವರು ಬೆಲ್ ಒತ್ತುವುದನ್ನು ನೋಡುತ್ತಿದ್ದೆ. ಆ ಚಹಾದ ರುಚಿ ಈಗಲೂ ನಾಲಗೆಯ ಮೇಲಿದೆ. ಅವರು ಬೇಕಾದರೆ ಬೇರೆಯವರಿಂದ ಅದನ್ನು ತೆಗೆಸಬಹುದಿತ್ತು. ತೆಗೆಸಲಿಲ್ಲ. ಕುಂಕುಮ ಹಚ್ಚುವುದನ್ನು ಮಾತ್ರ ಬಿಟ್ಟರು.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಬಳಿದಿದ್ದರು. ತೊಡೆಯ ಮೇಲಿದ್ದ ಬಲಗೈ ನೋಡಿದೆ. ಹೆಬ್ಬೆರಳು ಬೆಳ್ಳಗಿತ್ತು. ನನ್ನ ಹೊಟ್ಟೆಪಾಡಿನ ಅಕ್ಷರ ಅವರು ಕೊಟ್ಟದ್ದು, ಅವರ ಶ್ರದ್ಧಾಂಜಲಿಯ ಬ್ಯಾನರನ್ನು ಒಂದಕ್ಷರ ತಪ್ಪದಂತೆ ನಾನೇ ಟೈಪ್ ಮಾಡಿಕೊಟ್ಟೆ. ಕಣ್ಣೀರೂ ಹಾಕಿದೆ. ಆದರೆ ಕ್ಷಮಿಸಿದೆಯಾ ಎಂದು ಕೇಳಬೇಡಿ.

ಈಗ ಅಂಗಡಿ ನೋಡಿಕೊಳ್ಳುವವಳು ಅವರ ಸೊಸೆ. ಈ ಸಲ ಖಂಡೆಪೂಜೆಯ ಹಿಂದಿನ ದಿನ ನನ್ನನ್ನು ಕರೆದಳು.

"ಅಕ್ಕಾ, ಈ ಬೆಲ್ಲು ತಗದ ಕೊಡ್ರಿ. ನಮ್ಮ ಮಾವಾರು ಯಾರಿಗೂ ಮುಟ್ಟಾಕ ಬಿಟ್ಟಿರಲಿಲ್ಲ. ಅಕಿನ ಹಾಕ್ಯಾಳ, ಅಕಿನ ತಗೀಲಿ ಅಂತಿದ್ರು. ಯಾಕಂತ ಹೇಳಲಿಲ್ಲ."

ನಾನು ನನ್ನ ಅಂಗಡಿಗೆ ಹೋಗಿ, ಡಬ್ಬಿಯಲ್ಲಿಟ್ಟಿದ್ದ ಹಳೆಯ ಬಟನ್ ತಂದೆ. ಸ್ಪಿರಿಟ್ಟಿನಲ್ಲಿ ತೊಳೆದೆ, ಅರಿವೆ ಕೆಂಪಾಯಿತು. ಅದರ ಜಾಗದಲ್ಲಿ ಕೂಡಿಸಿ, "ಒತ್ತು" ಎಂದೆ.

ಅವಳು ಕೈ ಹಿಂದೆ ತೆಗೆದುಕೊಂಡಳು. "ನೀವ ಒತ್ರೆಕ್ಕಾ. ನಾಳಿ ಪೂಜಾ ಐತಿ. ನಾ ಇವತ್ತ ಹೊರಗ ಅದೇನಿ" ಎಂದು ಪಿಸುಗುಟ್ಟಿ, ಗೋಡೆಯ ಮೇಲೆ ಮಾಲೆ ಹಾಕಿದ್ದ ಮಾವನ ಫೋಟೊ ನೋಡಿದಳು. ಬೆಂಚಿನ ಮೇಲೆ ಗಿರಾಕಿಗಳಿದ್ದರು.

ಅವಳ ಹೆಬ್ಬೆರಳು ಹಿಡಿದು ಬಟನ್ನಿನ ಮೇಲಿಟ್ಟೆ. "ಒತ್ತವ್ವಾ."

ಒತ್ತಿದಳು. ಫ್ಯಾನು ಭರ್ರೆಂದಿತು, ಪರದೆ ಬೆಳಗಿತು.

"ನೋಡಿದ್ರಲ್ಲ ಸಾವ್ಕಾರ್ರ?" ಎಂದು ಫೋಟೊವನ್ನು ಕೇಳಿದೆ, ಬೆಂಚಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.