ಪೆನ್ಸಿಲ್ ಗುರುತಿನ ತೂಕ

ಬೆಳಗಿನ ಐದು ಗಂಟೆ. ಪ್ರಯೋಗಾಲಯದ ನೆಲಮಾಳಿಗೆಯಲ್ಲಿ, ಎಲ್ಲರೂ ತೂಕದಕ್ಕ ಎಂದು ಕರೆಯುವ ತಂತ್ರಜ್ಞೆ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮುಷ್ಟಿಗಾತ್ರದ ಲೋಹದ ಉರುಳೆಯೊಂದನ್ನು ಯಂತ್ರದ ಮೇಲೆ ಕೂರಿಸುತ್ತಾರೆ. ಅದು ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗಬೇಕು, ಒಂದಿಷ್ಟೂ ಅದುರಬಾರದು. ಹೊರಗೆ ಲಾರಿ ಓಡಿದರೂ ಅದುರಾಟ ತೋರಿಸುವ ಪರದೆಯ ಮೇಲಿನ ಗೆರೆ ಕುಣಿಯುತ್ತದೆ. ಅದಕ್ಕೇ ಈ ಹೊತ್ತು.

ಇಂಥ ಎರಡು ಉರುಳೆಗಳು ಉಪಗ್ರಹದಲ್ಲಿ ಹೋಗಲಿವೆ. ಲೋಹ ಒಂದೇ, ತೂಕ ಒಂದೇ. ಒಂದು ಗಿರ್ರನೆ ತಿರುಗುತ್ತಿರುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಎರಡೂ ಭೂಮಿಯತ್ತ ಒಂದೇ ಥರ ಬೀಳುತ್ತವೆಯೇ ಎಂಬುದು ವಿಜ್ಞಾನಿಗಳ ಪ್ರಶ್ನೆ. ನೆಲದ ಮೇಲೆ ಬೀಳುವುದು ಕ್ಷಣದಲ್ಲಿ ಮುಗಿಯುತ್ತದೆ. ಭೂಮಿಯನ್ನು ಸುತ್ತುವ ಉಪಗ್ರಹ ನೆಲ ಮುಟ್ಟದೆ ತಿಂಗಳುಗಟ್ಟಲೆ ಬೀಳುತ್ತಲೇ ಇರುತ್ತದೆ.

ಐವತ್ತೆರಡು ವರ್ಷದ ತೂಕದಕ್ಕ ಮೊದಲು ಫ್ಯಾನ್ ಕಾರ್ಖಾನೆಯಲ್ಲಿದ್ದರು. ದಿನಕ್ಕೆ ಇನ್ನೂರು ಫ್ಯಾನ್‌ಗಳ ಓಲಾಟ ತೆಗೆಯುತ್ತಿದ್ದರು. ಇಲ್ಲಿ ಒಂದು ಉರುಳೆಗೇ ಹನ್ನೊಂದು ದಿನ. "ನಮ್ಮನೆ ಫ್ಯಾನ್ ಮಾತ್ರ ಇನ್ನೂ ಲಟಲಟ ಅಂತಿದೆ. ಆಕಾಶದ್ದು ಆಮೇಲೆ, ಮೊದ್ಲು ತಲೆ ಮೇಲಿಂದು ನೋಡು ಅಂತಾರೆ ನಮ್ಮನೆಯವ್ರು."

ಭಾರ ಹೆಚ್ಚಿರುವ ಕಡೆ ಗುರುತು ಹಾಕಿ, ಅಲ್ಲಿ ಕಣ್ಣಿಗೆ ಕಾಣದಷ್ಟು ಲೋಹ ಕೆರೆಯುವುದು ಕೆಲಸ. ಹಿಂದಿನ ಉರುಳೆ ಕೆಟ್ಟದ್ದು ಆ ಗುರುತಿನಿಂದಲೇ. "ಪೆನ್ಸಿಲ್ ಚುಕ್ಕೆ ಒರೆಸೋದು ಮರೆತೆ. ಅದರ ತೂಕನೂ ಸೇರಿಸಿ ಕೆರೆದುಬಿಟ್ಟೆ. ಒರೆಸಿದ ಮೇಲೆ ನೋಡಿದ್ರೆ ಆ ಕಡೆನೇ ಹಗುರ." ಎದುರು ಬದಿಯನ್ನು ಕೆರೆದು ಸರಿದೂಗಿಸಿದರೆ ಜೋಡಿ ಉರುಳೆಯ ತೂಕಕ್ಕೆ ಹೊಂದುವುದಿಲ್ಲ. ಉರುಳೆ ತಯಾರಿಸಿದ್ದೂ ಸೇರಿ ಎರಡು ತಿಂಗಳ ಶ್ರಮ ಗುಜರಿಗೆ ಹೋಯಿತು. ತಿರುಗಿಸಲು ಈಗ ಉಳಿದಿರುವುದು ಇದೊಂದೇ. ನಾಳೆ ಇದನ್ನು ಕಳಿಸಬೇಕು. ಪೆನ್ಸಿಲ್ ಈಗ ಕೋಣೆಯ ಹೊರಗೆ, ದಾರಕ್ಕೆ ಕಟ್ಟಿ ನೇತುಹಾಕಿದೆ.

ಆರಕ್ಕೆ ವಿಭಾಗದ ಮುಖ್ಯಸ್ಥರು ಬಂದು ಪರದೆಯತ್ತ ಬಗ್ಗುತ್ತಾರೆ.

"ಏನಕ್ಕ, ಒರೆಸಿದೀರಾ?"

"ಮೂರು ಸಲ ಒರೆಸಿದೀನಿ ಸರ್. ನೀವು ಸ್ವಲ್ಪ ಆ ಕಡೆ ಉಸಿರು ಬಿಡಿ."

ಉರುಳೆ ವೇಗ ಹಿಡಿಯುತ್ತದೆ. ನಲವತ್ತು ನಿಮಿಷ ಗೆರೆ ಅಲುಗುವುದಿಲ್ಲ. ಮುಖ್ಯಸ್ಥರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಜೇಬು ತಡಕುತ್ತಾರೆ, ಪೆನ್ನಿಲ್ಲ. ತೂಕದಕ್ಕ ಬಾಗಿಲಾಚೆಗೆ ಬೆರಳು ತೋರಿಸುತ್ತಾರೆ. ಮುಖ್ಯಸ್ಥರು ಆ ಪೆನ್ಸಿಲ್‌ನಲ್ಲೇ ಸಹಿ ಹಾಕುತ್ತಾರೆ.

ಎರಡು ಉರುಳೆಗಳೂ ಒಂದೇ ಥರ ಬಿದ್ದರೆ ತೂಕದಕ್ಕನ ಹೆಸರು ಯಾರಿಗೂ ನೆನಪಾಗುವುದಿಲ್ಲ. ಬೀಳದಿದ್ದರೆ?

"ಆಗ ಮೊದ್ಲು ಅನುಮಾನ ಬರೋದು ನನ್ಮೇಲೇ" ಎಂದು ನಗುತ್ತಾರೆ, ಬಾಯಿಬಟ್ಟೆ ಬಿಚ್ಚುತ್ತಾ. "ಬಂದು ಕೇಳ್ಲಿ. ಸರಿಯಾಗೇ ತೂಗಿದೀನಿ ಅಂತೀನಿ."