ಒಂದು ಸುತ್ತಿಗೆ ಅರ್ಧ ಗೇಣು

ಶಿವಾಜಿನಗರದ ಅಂಗಡಿಯಲ್ಲಿ ಹೊಸ ಅಲಾಯ್ ಚಕ್ರ, ಅಗಲದ ಟೈರು ಹಾಕಿಸಿಕೊಂಡು ಹಲಸೂರು ಕೆರೆ ದಾಟಿ ಬರುವಾಗ ನನ್ನ ಸಂಭ್ರಮ ಹೇಳತೀರದು. ಅಪ್ಪನ ಹಳೇ ಕಾರು ಮದುಮಗನ ಹಾಗೆ ಕಾಣುತ್ತಿತ್ತು! ಜೀವನ್ ಬಿಮಾ ನಗರದ ನಮ್ಮ ಗೇಟಿನ ಮುಂದೆ ಅಪ್ಪ ಅದಕ್ಕೆ ಒಂದು ಸುತ್ತು ಬಂದರು. ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸಿಯೇ ನಿವೃತ್ತರಾದವರು. ಹೊಗಳುವ ಅಭ್ಯಾಸವೇ ಇಲ್ಲ.

"ಲೀಟರಿಗೆ ಹದಿನಾರು ಕೊಡ್ತಿತ್ತು. ಹದಿನೈದಕ್ಕಿಂತ ಕಮ್ಮಿ ಆದ್ರೆ ಕೀ ವಾಪಸ್ಸು."

"ಆಗಲ್ಲ ಬಿಡಪ್ಪಾ!"

ಟ್ಯಾಂಕು ತುಂಬಿಸಿ, ಕೆ.ಆರ್. ಪುರದ ಆಫೀಸಿಗೆ ಎರಡು ವಾರ ಓಡಾಡಿ, ಮತ್ತೆ ತುಂಬಿಸಿ ನೋಡಿದರೆ ಹದಿಮೂರು! ಕೀ ಹೋದರೆ ಮತ್ತೆ ಬಸ್ಸಿನಲ್ಲಿ ಜೋತುಬೀಳುವುದೇ ಗತಿ.

ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಥಟ್ಟನೆ ಹೊಳೆಯಿತು. ಕಾರಿನ ಮೀಟರು ರಸ್ತೆ ಅಳೆಯುವುದಿಲ್ಲ, ಚಕ್ರದ ಸುತ್ತು ಎಣಿಸುತ್ತದೆ ಅಷ್ಟೆ. ಹೊಸ ಚಕ್ರ ದೊಡ್ಡದು, ಒಂದು ಸುತ್ತಿಗೆ ಹೆಚ್ಚು ದೂರ ಹೋದರೂ ಮೀಟರು ಹಳೇ ಚಕ್ರದ ಲೆಕ್ಕವನ್ನೇ ತೋರಿಸುತ್ತದೆ. ಅಂದರೆ ಮೈಲೇಜು ಬಿದ್ದೇ ಇಲ್ಲ!

"ಅಪ್ಪಾ, ಟೇಪ್ ತಗೊಂಡ್ ಬಾ! ಮೀಟರು ಸುಳ್ಳು ಹೇಳ್ತಿದೆ!" ಗೇಟಿನಿಂದಲೇ ಕೂಗಿದೆ.

ವಿಷಯ ಕೇಳಿದ್ದೇ ಅಪ್ಪ ಪಂಚೆ ಎತ್ತಿ ಕಟ್ಟಿ ರಸ್ತೆಗಿಳಿದರು. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಹಳೇ ಅಳತೆಯದೇ. ಅದಕ್ಕೆ ಸೀಮೆಸುಣ್ಣದ ಗುರುತು ಹಾಕಿ ಒಂದು ಸುತ್ತು ಉರುಳಿಸಿದೆವು. ಹೊಸ ಚಕ್ರಕ್ಕೂ ಗುರುತು ಹಾಕಿ, ಕಾರು ತಳ್ಳಿ, ಅಳೆದೆವು. ಅರ್ಧ ಗೇಣು ಹೆಚ್ಚು! ನಡುರಸ್ತೆಯಲ್ಲೇ ಕುಣಿದುಬಿಟ್ಟೆ.

"ಕುಣಿಯೋದು ಆಮೇಲೆ. ಲೆಕ್ಕ ಹಾಕು ಮೊದ್ಲು," ಎಂದರು ಅಪ್ಪ. ಅವರ ಮುಖದಲ್ಲೂ ನಗು.

ಫೋನಿನಲ್ಲಿ ಲೆಕ್ಕ ಹಾಕಿದೆ. ಹದಿಮೂರೂ ಮುಕ್ಕಾಲು. ಇನ್ನೊಮ್ಮೆ ಹಾಕಿದೆ, ಅಷ್ಟೇ. ಮೀಟರು ನುಂಗಿದ್ದು ಮುಕ್ಕಾಲು ಮಾತ್ರ. ಮಿಕ್ಕಿದ್ದನ್ನು ತಿಂದದ್ದು ನಾನು ಆಸೆಪಟ್ಟು ಹಾಕಿಸಿದ ಚಕ್ರದ ಭಾರ, ಟೈರಿನ ಅಗಲ. ಅಪ್ಪ ಕನ್ನಡಕ ಒಳಗೇ ಬಿಟ್ಟು ಬಂದಿದ್ದರು. ಹದಿನೈದು ಅಂದುಬಿಡಲೇ ಎಂದು ನಾಲಿಗೆ ತುದಿಗೆ ಬಂತು.

"ಹದಿಮೂರೂ ಮುಕ್ಕಾಲು ಅಪ್ಪಾ," ಎಂದು ಕೀ ಚಾಚಿದೆ.

ಅಪ್ಪ ಕೀ ತೆಗೆದುಕೊಳ್ಳದೆ ಒಳಗೆ ಹೋಗಿ ಕೆಂಪು ಮಾರ್ಕರ್ ತಂದರು. ಕಾರ್ಖಾನೆಯಲ್ಲಿ ಅಳತೆ ತಪ್ಪಿದ ಭಾಗಗಳಿಗೆ ಕೆಂಪು ಗೀಟು ಹಾಕಿ ಬದಿಗಿಡುತ್ತಿದ್ದರಂತೆ. ಈಗ ಥಳಥಳ ಹೊಳೆಯುವ ನನ್ನ ಚಕ್ರದ ಮೇಲೂ ಒಂದು ಎಳೆದೇಬಿಟ್ಟರು. ಅಯ್ಯೋ, ನನ್ನ ಚಕ್ರ!

"ಚಕ್ರ ರಿಜೆಕ್ಟು. ಮಹಡಿ ಮೇಲಿರೋ ಹಳೇದನ್ನೇ ನಾಳೆ ಹಾಕಿಸ್ಕೊಂಡ್ ಬಾ," ಎಂದವರು ನನ್ನ ಬೆರಳುಗಳನ್ನು ಕೀ ಮೇಲೆ ಮಡಚಿದರು. "ಅಳತೆ ಹೇಳಿದೋಳು ಪಾಸು."