ಹೇಳಲಾಗದ ಪಾಸ್‌ವರ್ಡು

ಪುಟ್ಟಿ, ಚಿನ್ನು, ಮೊದಲು ನಿಮ್ಮನ್ನೇ ಬೈಯಬೇಕು. ಹೋದ ವರ್ಷ ಪಿತೃಪಕ್ಷದ ಎಡೆಯ ಹಿಂದಿನ ದಿನ, ಆಟ ಆಡಲು ಚೆನ್ನಾಗಿ ಕಾಣಲಿ ಅಂತ ಕಂಪ್ಯೂಟರಿನ ಹೊಟ್ಟೆಗೆ ಎಂಥದೋ ಕಾರ್ಡು ಸಿಕ್ಕಿಸಿ, ಅದನ್ನು ಓಡಿಸುವ ಡ್ರೈವರ್ ಅನ್ನೋ ಪ್ರೋಗ್ರಾಮು ಹಾಕಿದವರು ನೀವು. ಬೆಳಿಗ್ಗೆ ಎದ್ದು ಏನೂ ಅರಿಯದವರ ಹಾಗೆ ಕಾಲೇಜಿನ ಬಸ್ಸು ಹತ್ತಿದವರೂ ನೀವೇ. ತಾತನ ಫೋಟೋ ಪ್ರಿಂಟ್ ತೆಗೆದುಕೊಡುತ್ತೇವೆ ಅಂದದ್ದು ಇಬ್ಬರಿಗೂ ಮರೆತಿತ್ತು.

ಗೋಡೆಯ ಮೇಲಿದ್ದ ಅವರ ಪಟವನ್ನು ಮಳೆಗಾಲದಲ್ಲಿ ಗೆದ್ದಲು ತಿಂದಿತ್ತು, ಕೆಳಗಿದ್ದ ಹೆಸರಿನ ಸಮೇತ. ಅವರು ನಗುತ್ತಿರುವ ಫೋಟೋ ಇದ್ದದ್ದು ಒಂದೇ, ಕಂಪ್ಯೂಟರಿನೊಳಗೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಡೆ ಇಡಬೇಕು. ಯಾರ ಮುಂದೆ ಇಡುವುದು? ಖಾಲಿ ಗೋಡೆಯ ಮುಂದೆಯೆ?

ನೀವು ಹೇಳಿಕೊಟ್ಟಂತೆ ಗುಂಡಿ ಒತ್ತಿದೆ. ಬೆಳಕು ಬಂತು, ಒಂದು ಚಿತ್ರ ಬಂತು, ಆಮೇಲೆ ಎಲ್ಲ ಕಪ್ಪು. ಮತ್ತೆ ತಾನೇ ಹತ್ತಿಕೊಂಡಿತು, ಮತ್ತೆ ಕಪ್ಪು. ಕೆಮ್ಮಿ ಕೆಮ್ಮಿ ಮಲಗುವ ಮುದುಕನ ಹಾಗೆ. ಪಕ್ಕದ ಮನೆಯಿಂದ ನಿಮ್ಮ ಚಿಕ್ಕಜ್ಜಿಯನ್ನು ಕರೆದೆ.

"ದೃಷ್ಟಿ ಆಗದೆ ಕಣಕ್ಕ," ಅಂದಳು ಅವಳು, ನೋಡಿದ ಕೂಡಲೇ. "ಮೊನ್ನೆ ಸಾರಿಗೆ ಉಪ್ಪು ಕೇಳ್ಕೊಂಡು ಬಂದೋಳು ಇದನ್ನೇ ನೋಡ್ತಾ ನಿಂತಿರ್ನಿಲ್ವಾ?"

ಉಪ್ಪು, ಮೆಣಸಿನಕಾಯಿ ನೀವಳಿಸಿ ಒಲೆಗೆ ಹಾಕಿದಳು. ಇಬ್ಬರೂ ಸೀನಿದೆವು. ಕಂಪ್ಯೂಟರ್ ಸೀನಲಿಲ್ಲ.

ಆಗ ಅವಳೇ ಹೊರಗೆ ಓಡಿ, ಹಾಲಿನ ಡೈರಿಯ ಕಂಪ್ಯೂಟರ್ ನೋಡಲು ಹುಣಸೂರಿನಿಂದ ಬಂದಿದ್ದ ರಿಪೇರಿಯವನನ್ನು ದಾರಿಯಲ್ಲೇ ಹಿಡಿದು ತಂದಳು. ಗುರುತಿಲ್ಲದ ಗಂಡಸು. ನಾನು ಬಾಗಿಲ ಹಿಂದೆ ನಿಂತು ಅರ್ಧ ಮುಖದಲ್ಲೇ ಕಥೆ ಹೇಳಿದೆ.

"ಹೊಸ ಡ್ರೈವರ್ ಇದಕ್ಕೆ ಒಗ್ಗಿಲ್ಲ ಕಣವ್ವ," ಅಂದ. ಆರಿಸಿ, ಹತ್ತಿಸಿ, ಮತ್ತೆ ಆರಿಸಿ ನೀಲಿ ಪರದೆಯೊಂದನ್ನು ಬರಿಸಿದ. "ಸೇಫ್ ಮೋಡಲ್ಲಿ ಒಳಕ್ಕೋಗಿ ಅದನ್ನ ತೆಗ್ದುಬುಟ್ರೆ ಸರಿಹೋಯ್ತದೆ."

ಅಷ್ಟರಲ್ಲಿ ಅದು, ದಿನವೂ ಕೇಳದಿದ್ದ ಪಾಸ್‌ವರ್ಡನ್ನು ಅವತ್ತು ಕೇಳಿತು.

"ಏನವ್ವ ಪಾಸ್‌ವರ್ಡು?"

ನನಗೆ ಗೊತ್ತಿತ್ತು. ಅಜ್ಜಿಗೆ ಮರೆಯಬಾರದು ಅಂತ ನೀವೇ ತಾತನ ಹೆಸರು ಇಟ್ಟಿದ್ದಿರಲ್ಲ. ಸೆರಗು ಬಾಯಿಗೆ ಬಂತು.

"ಅದು... ನಮ್ಮನೆಯವರದು."

"ಅವರದೇನು, ಫೋನ್ ನಂಬರಾ?"

"ಹೆಸರು ಕಣಪ್ಪ."

"ಹೇಳಿ ಮತ್ತೆ."

ಮದುವೆಯಾಗಿ ಬಂದಾಗ ಹೊಸಿಲಲ್ಲಿ ಒಗಟು ಕಟ್ಟಿ ಒಂದು ಸಲ ಹೇಳಿದ್ದೆ. ಆಮೇಲೆ ಗಂಡನ ಹೆಸರನ್ನು ಹೇಳಿದ್ದೂ ಇಲ್ಲ, ಬರೆದದ್ದೂ ಇಲ್ಲ. ಚಿಕ್ಕಜ್ಜಿಯ ಮುಖ ನೋಡಿದೆ.

"ನನ್ನ ಯಾಕಕ್ಕ ನೋಡೀಯೆ? ನಂಗೆ ಭಾವ ಆಗ್ಬೇಕು. ನಾನೆಂಗೇಳ್ಲಿ?"

ರಿಪೇರಿಯವನು ತಲೆಯ ಮೇಲೆ ಕೈ ಇಟ್ಟುಕೊಂಡ. "ವೈರಸ್ ಬಂದಿರೋವ ನೋಡಿವ್ನಿ, ಇಲಿ ಉಚ್ಚೆ ಉಯ್ದಿರೋವ ನೋಡಿವ್ನಿ. ಇಂಥ ರೋಗ ನೋಡಿಲ್ಲ. ರೇಷನ್ ಕಾರ್ಡಾರ ತನ್ನಿ, ಓದ್ಕತೀನಿ."

ಅದು ಬೀರುವಿನಲ್ಲಿ, ಬೀರುವಿನ ಕೀ ನಿಮ್ಮಪ್ಪನ ಜೇಬಿನಲ್ಲಿ, ನಿಮ್ಮಪ್ಪ ಹೊಗೆಸೊಪ್ಪಿನ ಹರಾಜಿನಲ್ಲಿ. ಆ ಗದ್ದಲದಲ್ಲಿ ಫೋನು ಕೇಳಿಸಲಿಲ್ಲ. ನಿಮ್ಮ ಫೋನುಗಳು ಆಫ್. ಎಡೆ ಸಾಮಾನಿಗೆ ಹೋಗಿದ್ದ ನಿಮ್ಮಮ್ಮನ ಫೋನು ಅಡುಗೆಮನೆಯ ಗೂಡಿನಲ್ಲೇ ಹಾಡಿಕೊಳ್ಳುತ್ತಿತ್ತು.

"ಬೆಟ್ಟದ ಮ್ಯಾಲಿರೋ ದೇವ್ರ ಹೆಸ್ರು ಕಣಪ್ಪ," ಅಂತ ಚಿಕ್ಕಜ್ಜಿ ಸುಳಿವು ಕೊಟ್ಟಳು.

"ಯಾವ ಬೆಟ್ಟ ತಾಯಿ? ಈ ಸೀಮೇಲಿ ಬೆಟ್ಟಕ್ಕೊಬ್ರು ದೇವ್ರವ್ರೆ!"

ಹರಾಜಿಗೆ ಹೋಗದೆ ಉಳಿದಿದ್ದ ಒಬ್ಬ ಮುದುಕಪ್ಪ ಬೀದಿಯಲ್ಲಿ ಬರುತ್ತಿದ್ದ. ರಿಪೇರಿಯವನು ಕಿಟಕಿಯಿಂದಲೇ ಕೂಗಿ ಕೇಳಿದ.

"ಈ ಮನೆಯವ್ನಾ? ಮೀಸೆ ಅಂತಿದ್ವಪ್ಪ. ಅವನಿಗೆ ಬ್ಯಾರೆ ಹೆಸ್ರೂ ಇತ್ತಾ?"

ರಿಪೇರಿಯವನು ಮೀಸೆ ಅಂತಲೂ ಒತ್ತಿದ. ಕಂಪ್ಯೂಟರ್ ಒಪ್ಪಲಿಲ್ಲ.

ಬಿಸಿಲು ಇಳಿಯುತ್ತಿತ್ತು. ಅವನು ಬ್ಯಾಗಿಗೆ ಕೈ ಹಾಕಿದ. ಆಗ ನನಗೆ ನಮ್ಮ ಟ್ರ್ಯಾಕ್ಟರಿನ ಟ್ರೈಲರ್ ನೆನಪಾಯಿತು. ಅದರ ಹಿಂದೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ದಪ್ಪಗೆ ಬರೆಸಿದ್ದರು. ಟ್ರೈಲರೂ ಅವತ್ತು ಹರಾಜಿಗೆ ಹೋಗಿತ್ತು, ಆದರೆ ಪ್ರತಿ ಆಯುಧಪೂಜೆಗೆ ತೆಂಗಿನ ನಾರು ಹಿಡಿದು ಆ ಅಕ್ಷರಗಳನ್ನು ಉಜ್ಜಿದವಳು ನಾನೇ. ಇಂಗ್ಲಿಷ್ ಓದಲು ಬರದು. ಆದರೆ ಯಾವ ಅಕ್ಷರಕ್ಕೆ ಹೊಟ್ಟೆ, ಯಾವುದಕ್ಕೆ ಕಾಲು, ಯಾವುದರ ಸಂದಿಯಲ್ಲಿ ಮಣ್ಣು ಕೂರುತ್ತದೆ ಅಂತ ಚೆನ್ನಾಗಿ ಗೊತ್ತು.

"ನೀನು ಆ ಕಡೆ ತಿರುಗಪ್ಪ," ಅಂದೆ.

ಅವನು ಗೋಡೆಗೆ ಮುಖ ಮಾಡಿ ನಿಂತ. ಚಿಕ್ಕಜ್ಜಿಯೂ ತಿರುಗಿದಳು, ಭಾವನಲ್ಲವೆ.

ಆ ಗುಂಡಿಗಳಲ್ಲಿ ಅಕ್ಷರಗಳು ಸಂತೆಯಲ್ಲಿ ಕೂತವರ ಹಾಗೆ ಎಲ್ಲೆಲ್ಲೋ ಇದ್ದವು. ಒಂದನ್ನು ಹುಡುಕಿ ಒತ್ತಿ ಹಿಡಿದೆ. ಪರದೆಯ ಮೇಲೆ ಚುಕ್ಕಿಗಳು ಸಾಲಾಗಿ ಓಡಿದವು.

"ಹಪ್ಪಳ ಒತ್ದಂಗೆ ಒತ್ಬೇಡಿ ಕಣವ್ವ!" ಅಂದ ಅವನು, ಓರೆಗಣ್ಣಿನಲ್ಲಿ ನೋಡಿ. "ಮುಟ್ಟಿ ಬುಟ್ಬುಡಿ."

"ಈ ಕಡೆ ನೋಡ್ಬೇಡ ಅಂದ್ನಲ್ಲ!"

ಅಳಿಸಿಕೊಟ್ಟು ಮತ್ತೆ ಗೋಡೆಗೆ ತಿರುಗಿದ. ಈ ಸಲ ಒಂದೊಂದೇ ಮುಟ್ಟಿದೆ. ಎಲ್ಲಿ ಹೆಸರು ಎದ್ದು ಕಾಣುವುದೋ ಅಂತ ಪ್ರತಿ ಸಲವೂ ಪರದೆ ನೋಡಿದೆ. ಕಾಣಲಿಲ್ಲ. ಅಕ್ಷರದ ಜಾಗದಲ್ಲೆಲ್ಲ ರಂಗೋಲಿಗೆ ಇಟ್ಟಂಥ ಚುಕ್ಕಿ. ಪಾಪ, ಅದಕ್ಕೂ ನಿಮ್ಮ ತಾತನ ಹೆಸರು ಹೇಳಲು ನಾಚಿಕೆ. ಅವತ್ತು ಮೊದಲ ಸಲ ಅದರ ಮೇಲೆ ನನಗೆ ಪ್ರೀತಿ ಬಂತು.

ಒಳಗೆ ಬಿಟ್ಟಿತು. ಅವನು ಡ್ರೈವರ್ ತೆಗೆದ, ಕಾರ್ಡು ಕಿತ್ತ, ವೈರನ್ನು ಹಳೆಯ ಜಾಗಕ್ಕೆ ಸಿಕ್ಕಿಸಿದ. ಕಂಪ್ಯೂಟರ್ ಸರಿಯಾಗಿ ಹತ್ತಿಕೊಂಡಿತು. ಫೋಟೋ ಪ್ರಿಂಟರಿನಿಂದ ತಲೆಕೆಳಗಾಗಿ ಬಂತು, ಮೊದಲು ಮೀಸೆ, ಆಮೇಲೆ ಕಣ್ಣು.

ಸಂಜೆ ಎಡೆಯ ಮುಂದೆ ಅವರು ನಗುತ್ತಾ ಕೂತಿದ್ದರು. "ನಿನ್ನ ಪಾಡು ನೋಡೇ ನಗ್ತಾವ್ರೆ ಕಣಕ್ಕ," ಅಂದಳು ಚಿಕ್ಕಜ್ಜಿ.

ಕಾರ್ಡು ಕಿತ್ತವರು ಯಾರು ಅಂತ ನೀವು ಬಂದು ಕೇಳಿದಾಗ, ಹೇಳಲು ಹೋದರೆ ಹೆಸರಿನ ಮಾತು ಬರುತ್ತದಲ್ಲ ಅಂತ ಸುಮ್ಮನೆ ವಡೆ ಬಡಿಸಿದೆ. ಇಗೋ, ಈಗ ಬರೆದಿದ್ದೇನೆ. ಆ ಪಾಸ್‌ವರ್ಡು ಮಾತ್ರ ಬದಲಾಯಿಸಬೇಡಿ. ಬಾಯಲ್ಲಿ ಹೇಳಲಾಗದ್ದನ್ನು ಬೆರಳಲ್ಲಾದರೂ ಹೇಳಲು ನನಗೆ ಇರುವುದು ಅದೊಂದೇ ಜಾಗ. ಈ ಹಾಳೆಗಳಲ್ಲೂ ಅವರ ಹೆಸರು ಹುಡುಕಬೇಡಿ, ಬರೆದಿಲ್ಲ. ಇವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಗೋಡೆಗೆ ತಾಗದ ಹಾಗೆ ಜೋಪಾನವಾಗಿ ಇಡಿ. ನಮ್ಮನೆಯ ಗೆದ್ದಲಿಗೆ ಅವರ ರುಚಿ ಹತ್ತಿದೆ.